ಬೋರ್ಡೋ ದ್ರಾವಣ ಕೈಕೊಟ್ಟಾಗ: ತಪ್ಪು ಎಲ್ಲಿದೆ ಎಂದು ಹುಡುಕುವುದು ಹೇಗೆ

ಎಲೆ ಸುಟ್ಟಿತು. ಮಳೆಗೆ ತೊಳೆದುಹೋಯಿತು. ನಾಜಲ್ ಕಟ್ಟಿಕೊಂಡಿತು. ಇಷ್ಟೆಲ್ಲಾ ಹೊಡೆದರೂ ರೋಗ ನಿಲ್ಲಲಿಲ್ಲ. ಮೈಲುತುತ್ತ, ಸುಣ್ಣ, ನೀರು ಬೆರೆಸಿ ಗಿಡದ ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ ಕೇಳಿಬರುವ ದೂರುಗಳು ಹೆಚ್ಚುಕಮ್ಮಿ ಇವೇ. ದೂರು ಬಂದ ಕೂಡಲೇ ಎಲ್ಲರೂ ಮೈಲುತುತ್ತವನ್ನು ಬೈಯುತ್ತಾರೆ. ಕಲಬೆರಕೆ ಇರಬೇಕು, ಮಾಲು ಸರಿಯಿಲ್ಲ ಎನ್ನುತ್ತಾರೆ. ನನ್ನನ್ನು ಕೇಳಿದರೆ ಮೊದಲು ಸುಣ್ಣದ ಚೀಲ ಬಿಚ್ಚಿ ನೋಡಿ ಎನ್ನುತ್ತೇನೆ. ಅದಕ್ಕೆ ಕಾರಣವಿದೆ.

ಮೈಲುತುತ್ತ ಎಂದರೆ ಕಾಪರ್ ಸಲ್ಫೇಟ್. ಅದರ ತೂಕದಲ್ಲಿ ಸುಮಾರು ಕಾಲು ಭಾಗ ತಾಮ್ರ. ಲೋಹಕ್ಕೆ ತಾಮ್ರದ ಲೇಪ ಕೊಡುವ ಕಾರ್ಖಾನೆಗೂ ಇದೇ ಬೇಕು, ಮರ ಕೆಡದಂತೆ ಕಾಯುವ ರಾಸಾಯನಿಕಗಳಿಗೂ ಇದೇ ಬೇಕು, ನೀರಿನ ಪಾಚಿ ಕೊಲ್ಲುವುದಕ್ಕೂ ಇದೇ. ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಕರಗಿದ ನೀರು ಹುಳಿ ಗುಣದ್ದು. ಹಾಗೇ ಎಲೆಗೆ ಹೊಡೆದರೆ ಶಿಲೀಂಧ್ರದ ಜೊತೆ ಎಲೆಯೂ ಸಾಯುತ್ತದೆ. ಸುಣ್ಣ ಸೇರಿದಾಗ ತಾಮ್ರ ಕರಗದ ನೀಲಿ ಕಣಗಳಾಗುತ್ತದೆ. ಆ ಕಣ ಎಲೆಗೆ ಅಂಟಿ ಕೂತು, ಇಬ್ಬನಿ-ಮಳೆಯ ತೇವದಲ್ಲಿ ಚೂರುಚೂರೇ ತಾಮ್ರ ಬಿಡುತ್ತದೆ. ರೋಗದ ಬೀಜಕಣ ಮೊಳೆಯದಂತೆ ತಡೆಯಲು ಅಷ್ಟು ಸಾಕು. ಸುಣ್ಣಕ್ಕೆ ಸಿಗದೆ ನೀರಿನಲ್ಲೇ ಉಳಿದ ತಾಮ್ರವನ್ನು ಇಲ್ಲಿ ಬಿಡಿ ತಾಮ್ರ ಎಂದು ಕರೆಯುತ್ತೇನೆ. ಕೆಳಗಿನ ತೊಂದರೆಗಳಲ್ಲಿ ಬಹುಪಾಲು ಈ ಬಿಡಿ ತಾಮ್ರದ ಕೆಲಸ.

ನೂರಕ್ಕೆ ಒಂದರ ದ್ರಾವಣದ ಲೆಕ್ಕ ಹೀಗೆ: ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. 50 ಲೀಟರಿನಲ್ಲಿ ಮೈಲುತುತ್ತ, ಇನ್ನೊಂದು 50 ಲೀಟರಿನಲ್ಲಿ ಸುಣ್ಣ, ಆಮೇಲೆ ಎರಡನ್ನೂ ಬೆರೆಸುವುದು. ಬೆಳೆ ಮತ್ತು ರೋಗ ನೋಡಿ ಪ್ರಮಾಣ ಬದಲಾಗಬಹುದು, ಕ್ರಮ ಬದಲಾಗುವುದಿಲ್ಲ.

ಯಾವ ಪರೀಕ್ಷೆಗೂ ಮುಂಚೆ ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು, ಮೂಗು-ಬಾಯಿಗೆ ಮಾಸ್ಕ್ ಇರಲಿ. ಮೈಲುತುತ್ತವೂ ಸುಣ್ಣವೂ ಎರಡೂ ಕಣ್ಣಿಗೆ ಕೆಟ್ಟವು. ಪಕ್ಕದಲ್ಲಿ ಒಂದು ಬಕೆಟ್ ಶುದ್ಧ ನೀರು ಸುಮ್ನೆ ಇಟ್ಟುಕೊಂಡಿರಿ.

ಬಣ್ಣ ಸರಿ ಕಾಣುತ್ತಿಲ್ಲ

ನೋಡಲು ಖರ್ಚಿಲ್ಲ, ಹಾಗಾಗಿ ಇಲ್ಲಿಂದ ಶುರು ಮಾಡೋಣ. ಸರಿಯಾದ ದ್ರಾವಣ ತಿಳಿ ಆಕಾಶನೀಲಿ. ಕಲಕಿದರೆ ನುಣ್ಣಗೆ, ಮೋಡದಂತೆ ಹರಡಿರುತ್ತದೆ.

ಹಸಿರು ಛಾಯೆ ಇದ್ದರೆ ಎರಡು ಸಾಧ್ಯತೆ. ಒಂದು, ಸುಣ್ಣ ಸಾಲದೆ ಬಿಡಿ ತಾಮ್ರ ಉಳಿದಿದೆ. ಇನ್ನೊಂದು, ಮೈಲುತುತ್ತದಲ್ಲೇ ಕಬ್ಬಿಣದ ಅಂಶ ಸೇರಿದೆ. ಎರಡನ್ನೂ ಬೇರೆ ಮಾಡಲು ಬರೀ ಮೈಲುತುತ್ತದ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿ. ಅದೇ ಹಸಿರಾಗಿದ್ದರೆ ಮಾಲಿನ ಮೇಲೆ ಅನುಮಾನ ಪಡಬಹುದು. ಶುದ್ಧ ನೀಲಿಯಾಗಿದ್ದರೆ ಸುಣ್ಣದ ಕಡೆ ಹೋಗಿ. ಹರಳಿನ ಮೇಲೆ ಬಿಳಿ ಪುಡಿ ಕೂತಿದೆ ಎಂದು ಕೆಲವರು ಮೂಟೆಯನ್ನೇ ವಾಪಸ್ ಕೊಡುತ್ತಾರೆ. ಒಣ ಗಾಳಿಗೆ ಹರಳಿನೊಳಗಿನ ನೀರು ಹೋದಾಗಲೂ ಹೀಗೆ ಬಿಳುಚಿಕೊಳ್ಳುತ್ತದೆ. ನೀರಿಗೆ ಹಾಕಿದಾಗ ಅದೂ ನೀಲಿಯಾಗಿ ಕರಗಿದರೆ ದೋಷವಲ್ಲ.

ತೀರಾ ಬಿಳಿಚಿದ್ದರೆ ಸುಣ್ಣ ಜಾಸ್ತಿ. ಎಲೆಗೆ ಅಪಾಯವಿಲ್ಲ. ತಾಮ್ರ ನಿಧಾನಕ್ಕೆ ಬಿಡುತ್ತದೆ, ನಾಜಲ್ ಬೇಗ ಕಟ್ಟುತ್ತದೆ, ಅಷ್ಟೇ.

ಕಪ್ಪಗೆ ಅಥವಾ ಬೂದು ಬಣ್ಣಕ್ಕೆ ತಿರುಗಿದರೆ ಆತುರದ ಫಲ. ಆಗಷ್ಟೇ ನೀರು ಹಾಕಿ ಅರಳಿಸಿದ ಸುಣ್ಣ ಬಿಸಿಯಾಗಿದ್ದಾಗಲೇ ಮೈಲುತುತ್ತದ ನೀರು ಸುರಿದಿದ್ದಾರೆ. ಆ ಬಿಸಿಗೆ ನೀಲಿ ಕಣ ಕಪ್ಪು ಕಾಪರ್ ಆಕ್ಸೈಡ್ ಆಗುತ್ತದೆ. ಇದನ್ನು ಸರಿಮಾಡಲು ಆಗುವುದಿಲ್ಲ. ಹೊಸದಾಗಿ ಮಾಡಿ, ಎರಡೂ ಪೂರ್ತಿ ತಣ್ಣಗಾದ ಮೇಲೆ ಬೆರೆಸಿ.

ಕಬ್ಬಿಣ ಅದ್ದಿದರೆ ಕೆಂಪಾಗುತ್ತಿದೆ

ಈ ಒಂದು ಪರೀಕ್ಷೆ ಪ್ರತಿ ಡ್ರಮ್ಮಿಗೂ ಮಾಡಬೇಕು. ಬೇಕಾಗಿರುವುದು ಒಂದು ಕಬ್ಬಿಣದ ಮೊಳೆ ಅಥವಾ ಹಳೇ ಚಾಕು. ಸ್ಟೇನ್‌ಲೆಸ್ ಸ್ಟೀಲ್ ಬೇಡ, ಅದು ಸುಳ್ಳು ಹೇಳಬಹುದು. ಮರಳು ಕಾಗದದಲ್ಲಿ ತಿಕ್ಕಿ ಹೊಳಪು ಬರಿಸಿ. ತುಕ್ಕು, ಎಣ್ಣೆ ಇರಬಾರದು. ದ್ರಾವಣ ಚೆನ್ನಾಗಿ ಕಲಕಿ, ಮೊಳೆಯನ್ನು ಒಂದು ನಿಮಿಷ ಅದ್ದಿ ಹಿಡಿಯಿರಿ. ತೆಗೆದು ನೀರಲ್ಲಿ ಜಾಲಾಡಿ, ಬೆಳಕಿಗೆ ತಿರುಗಿಸಿ ನೋಡಿ. ಅದ್ದಿದ ಗುರುತಿನವರೆಗೂ ಕೆಂಗಂದು ಬಣ್ಣದ ತೆಳು ಪೊರೆ ಕೂತಿದ್ದರೆ ಅದು ತಾಮ್ರವೇ. ಕಬ್ಬಿಣ ಕರಗಿ ನೀರಿಗೆ ಇಳಿದಿದೆ, ನೀರಿನಲ್ಲಿದ್ದ ತಾಮ್ರ ಅದರ ಜಾಗಕ್ಕೆ ಬಂದು ಕೂತಿದೆ. ಮೊಳೆ ಮೊದಲಿನಂತೆ ಬೆಳ್ಳಗೆ ಹೊಳೆಯುತ್ತಿದ್ದರೆ ದ್ರಾವಣ ಹೊಡೆಯಬಹುದು.

ಲಿಟ್ಮಸ್ ಕಾಗದ ಇದ್ದರೆ ಇನ್ನೂ ಒಳ್ಳೆಯದು. ನೀಲಿ ಕಾಗದ ಕೆಂಪಾದರೆ ಹುಳಿ ಉಳಿದಿದೆ, ಹೊಡೆಯಬೇಡಿ. ಕೆಂಪು ಕಾಗದ ನೀಲಿಯಾದರೆ ಸುಣ್ಣ ಸಾಕಷ್ಟಿದೆ.

ಕೆಂಪು ಹತ್ತಿದರೆ ಡ್ರಮ್ ಚೆಲ್ಲಬೇಕಿಲ್ಲ. ಸೋಸಿದ ಸುಣ್ಣದ ನೀರನ್ನು ಸ್ವಲ್ಪ ಸ್ವಲ್ಪ ಹಾಕುತ್ತಾ ಕಲಕಿ. ಐದು ನಿಮಿಷ ಬಿಟ್ಟು ಮೊಳೆ ಮತ್ತೆ ತಿಕ್ಕಿ ಅದ್ದಿ. ಕೆಂಪು ನಿಲ್ಲುವವರೆಗೂ ಹೀಗೆ.

ಈಗ ಒಂದು ಲೆಕ್ಕ ಹೇಳುತ್ತೇನೆ. ಸುಟ್ಟ ಸುಣ್ಣ ಪೂರ್ತಿ ಶುದ್ಧವಾಗಿದ್ದರೆ 1 ಕೆಜಿ ಮೈಲುತುತ್ತದ ತಾಮ್ರವನ್ನೆಲ್ಲ ಹಿಡಿಯಲು ಸುಮಾರು 225 ಗ್ರಾಂ ಸಾಕು. ನಾವು ಹಾಕುವುದು ಅದರ ನಾಲ್ಕು ಪಟ್ಟಿಗೂ ಜಾಸ್ತಿ. ಅಷ್ಟಾದರೂ ಮೊಳೆ ಕೆಂಪಾಯಿತು ಎಂದರೆ ಚೀಲದಲ್ಲಿದ್ದದ್ದು ಹೆಸರಿಗೆ ಮಾತ್ರ ಸುಣ್ಣ ಎಂದಾಯಿತು, ಅಲ್ವಾ?

ಸುಣ್ಣ ಗಾಳಿಗೆ ತೆರೆದುಕೊಂಡರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣದ ಕಲ್ಲಿನ ಪುಡಿಯೇ ಆಗುತ್ತದೆ. ನೋಡಲು ಬೆಳ್ಳಗೇ ಇರುತ್ತದೆ, ಕೆಲಸಕ್ಕೆ ಬರುವುದಿಲ್ಲ. ಪರೀಕ್ಷೆ ಸುಲಭ. ಸುಟ್ಟ ಸುಣ್ಣದ ಒಂದು ಹೆಂಟೆಗೆ ನೀರು ಚಿಮುಕಿಸಿ. ಒಳ್ಳೆಯದಾದರೆ ಮೊದಲು ಬುಸ್ ಎಂದು ನೀರು ಹೀರುತ್ತದೆ, ಬಿರುಕು ಬಿಡುತ್ತದೆ, ಆವಿ ಏಳುತ್ತದೆ, ನೋಡನೋಡುತ್ತಿದ್ದಂತೆ ಅರಳಿ ನುಣ್ಣನೆ ಹಿಟ್ಟಾಗುತ್ತದೆ. ಸುಮ್ಮನೆ ಒದ್ದೆಯಾಗಿ ಕೂತರೆ ಅದು ಸತ್ತ ಸುಣ್ಣ. ಪುಡಿ ಸುಣ್ಣ ಈಗಾಗಲೇ ಅರಳಿದ್ದು, ಬಿಸಿಯಾಗುವುದಿಲ್ಲ. ಅದಕ್ಕೆ ಚೂರು ವಿನೆಗರ್ ಹಾಕಿ. ಜೋರಾಗಿ ನೊರೆಗುಳ್ಳೆ ಎದ್ದರೆ ಕೆಟ್ಟಿದೆ. ಇನ್ನೊಂದು ಮಾತು, ಸುಟ್ಟ ಸುಣ್ಣ 1 ಕೆಜಿಗೆ ಸರಿಸಮ ಆಗಬೇಕಾದರೆ ಅರಳಿದ ಪುಡಿ ಸುಣ್ಣ ಸುಮಾರು 1.3 ಕೆಜಿ ಬೇಕು. ಅದರ ತೂಕದಲ್ಲಿ ನೀರೂ ಸೇರಿರುತ್ತದೆ.

ಅರಳಿಸುವಾಗ ಸುಣ್ಣ ಕುದಿದು ಸಿಡಿಯುತ್ತದೆ. ಮುಖ ಬಗ್ಗಿಸಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಈ ಕೆಲಸಕ್ಕೆ ಪ್ಲಾಸ್ಟಿಕ್ ಬಕೆಟ್ ಬೇಡ, ಬಿಸಿಗೆ ಮೆತ್ತಗಾಗುತ್ತದೆ. ಇಲ್ಲಿ ಕಬ್ಬಿಣದ ಬಾಂಡ್ಲಿ ನಡೆಯುತ್ತದೆ. ಮೈಲುತುತ್ತಕ್ಕೆ ಮಾತ್ರ ಕಬ್ಬಿಣ ತಾಗಿಸಬಾರದು.

ಒಡೆದ ಹಾಲಿನ ಹಾಗೆ ಕಾಣುತ್ತದೆ, ಬೇಗ ತಳ ಕೂರುತ್ತದೆ

ಒಳ್ಳೆಯ ದ್ರಾವಣವೂ ಬಿಟ್ಟರೆ ತಳ ಕೂರುತ್ತದೆ, ಆದರೆ ನಿಧಾನಕ್ಕೆ. ಕಲಕುವುದು ನಿಲ್ಲಿಸಿದ ಕೆಲವೇ ನಿಮಿಷದಲ್ಲಿ ಮೇಲೆ ತಿಳಿ, ಕೆಳಗೆ ದಪ್ಪ ಗಸಿ ಎಂದಾದರೆ ಕಣ ದಪ್ಪಗಾಗಿದೆ ಎಂದು ಅರ್ಥ. ದಪ್ಪ ಕಣ ಎಲೆಗೆ ಹಿಡಿಯುವುದಿಲ್ಲ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಯಾವುದನ್ನು ಯಾವುದಕ್ಕೆ ಸುರಿದಿರಿ? ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ, ಸಣ್ಣ ಧಾರೆಯಾಗಿ, ಕಲಕುತ್ತಾ ಸುರಿಯಬೇಕು. ಅಥವಾ ಎರಡನ್ನೂ ಒಟ್ಟಿಗೆ ಮೂರನೇ ಡ್ರಮ್ಮಿಗೆ ಬಿಡಬಹುದು. ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬಾರದು. ಎರಡನೇ ಪ್ರಶ್ನೆ: ನೀರು ಉಳಿಸಲು ಎರಡನ್ನೂ ಗಟ್ಟಿಯಾಗಿ ಬೆರೆಸಿ ಆಮೇಲೆ ತೆಳು ಮಾಡಿದಿರಾ? ಅದೂ ಕಣವನ್ನು ದಪ್ಪ ಮಾಡುತ್ತದೆ. ಮೂರನೆಯದು: ನಿನ್ನೆಯದಾ? ಇಟ್ಟಷ್ಟೂ ಕಣ ಬೆಳೆಯುತ್ತದೆ, ಅಂಟುವ ಗುಣ ಹೋಗುತ್ತದೆ. ಮಾಡಿದ ದಿನವೇ, ಆದಷ್ಟೂ ಕೆಲವೇ ಗಂಟೆಯಲ್ಲಿ ಮುಗಿಸಿ. ಬೇರೆ ಬೇರೆ ಡ್ರಮ್ಮಿನಲ್ಲಿ ಇಟ್ಟ ಮೈಲುತುತ್ತದ ನೀರು, ಮುಚ್ಚಿಟ್ಟ ಸುಣ್ಣದ ನೀರು ಹೀಗೆ ಕೆಡುವುದಿಲ್ಲ. ಬೆರೆಸಿದ ಮೇಲೆಯೇ ಗಡಿಯಾರ ಶುರು.

ಮೈಲುತುತ್ತ ಕರಗದೆ ತಳದಲ್ಲಿ ಉಳಿದಿದ್ದರೂ ಅಳತೆ ತಪ್ಪುತ್ತದೆ. ಹರಳನ್ನು ಡ್ರಮ್ಮಿನ ತಳಕ್ಕೆ ಸುರಿದು ಕೋಲಲ್ಲಿ ತಿರುವುತ್ತಾ ಕೂರುವುದು ವ್ಯರ್ಥ. ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನ ಮೇಲ್ಮಟ್ಟಕ್ಕೆ ತಾಗುವಂತೆ ಇಳಿಬಿಡಿ. ಕರಗಿದ ನೀರು ಭಾರ, ನೀಲಿ ಎಳೆ ಎಳೆಯಾಗಿ ತಾನೇ ಕೆಳಗಿಳಿಯುತ್ತದೆ, ಹೊಸ ನೀರು ಗಂಟಿಗೆ ತಾಗುತ್ತಿರುತ್ತದೆ. ರಾತ್ರಿ ಕಟ್ಟಿದರೆ ಬೆಳಿಗ್ಗೆ ಗಂಟು ಖಾಲಿ.

ನಾಜಲ್ ಪದೇ ಪದೇ ಕಟ್ಟುತ್ತಿದೆ

ಸುಣ್ಣದ ಕಲ್ಲು, ಮರಳು. ಸುಣ್ಣದ ನೀರನ್ನು ಬೆರೆಸುವ ಮುಂಚೆಯೇ ಬಟ್ಟೆಯಲ್ಲಿ ಸೋಸಿ, ಪಂಪಿಗೆ ಹಾಕುವಾಗ ಇನ್ನೊಮ್ಮೆ. ಹೊಡೆಯುವಾಗ ಡ್ರಮ್ ಕಲಕುತ್ತಲೇ ಇರಬೇಕು. ಕಟ್ಟಿದ ನಾಜಲ್‌ಗೆ ಬಾಯಿ ಹಾಕಿ ಊದಬೇಡಿ. ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಗಟ್ಟಿಯಾದ ನೀಲಿ ಹಕ್ಕಳೆ ಇದ್ದರೆ ವಿನೆಗರ್ ಬೆರೆಸಿದ ನೀರಲ್ಲಿ ನೆನೆಹಾಕಿ, ಕರಗುತ್ತದೆ.

ಹೊಡೆದ ಮೇಲೆ ಎಲೆ ಸುಟ್ಟಿದೆ, ಕಾಯಿ ಒರಟಾಗಿದೆ

ಎಲೆಯ ಅಂಚು ಒಣಗುವುದು, ಹನಿ ನಿಂತ ಕಡೆ ಕಂದು ಚುಕ್ಕೆ, ಎಳೆ ಚಿಗುರು ಮುದುಡುವುದು, ಕಾಯಿಯ ಸಿಪ್ಪೆ ತುಕ್ಕು ಹಿಡಿದಂತೆ ಒರಟಾಗುವುದು. ಇವೆಲ್ಲ ತಾಮ್ರದ ಗಾಯ. ರೋಗದ ಚುಕ್ಕೆ ದಿನೇದಿನೇ ಹರಡುತ್ತದೆ. ತಾಮ್ರದ ಚುಕ್ಕೆ ಹೊಡೆದ ಕೆಲವು ದಿನದೊಳಗೆ ಒಟ್ಟಿಗೆ ಮೂಡಿ ಹಾಗೇ ನಿಲ್ಲುತ್ತದೆ. ಈ ವ್ಯತ್ಯಾಸ ನೋಡದೆ ರೋಗ ಜಾಸ್ತಿಯಾಯಿತು ಎಂದು ಮತ್ತೊಂದು ಸುತ್ತು ಹೊಡೆಯುವವರಿದ್ದಾರೆ. ಗಾಯದ ಮೇಲೆ ಗಾಯ.

ಮೊಳೆ ಪರೀಕ್ಷೆ ಮಾಡಿರದಿದ್ದರೆ ಕಾರಣ ಬಹುಶಃ ಅಲ್ಲೇ ಇದೆ. ಮಾಡಿ, ಸರಿಯಾಗಿದ್ದೂ ಸುಟ್ಟಿದ್ದರೆ ಹವಾಮಾನ ನೆನಪಿಸಿಕೊಳ್ಳಿ. ತಂಪು, ಮೋಡ, ಎಲೆ ಗಂಟೆಗಟ್ಟಲೆ ಒಣಗದ ದಿನ ಹೊಡೆದಿದ್ದರೆ ತೇವದಲ್ಲಿ ತಾಮ್ರ ಜಾಸ್ತಿ ಕರಗಿ ಎಲೆಯೊಳಗೆ ಹೋಗಿರುತ್ತದೆ. ಅದೂ ಅಲ್ಲದಿದ್ದರೆ ಜೊತೆಗೆ ಏನು ಬೆರೆಸಿದ್ದಿರಿ? ಹುಳಿ ಗುಣದ ಯಾವುದೇ ಔಷಧಿ ಅಥವಾ ಗೊಬ್ಬರ ಸೇರಿದರೆ ಸುಣ್ಣದ ಹಿಡಿತ ಸಡಿಲವಾಗಿ ಬಿಡಿ ತಾಮ್ರ ಹುಟ್ಟುತ್ತದೆ. ಮಲಾಥಿಯಾನ್‌ನಂಥ ಕೀಟನಾಶಕಗಳದ್ದು ಉಲ್ಟಾ ಕಥೆ, ಸುಣ್ಣಕ್ಕೆ ಸಿಕ್ಕಿ ಅವೇ ಹಾಳಾಗುತ್ತವೆ. ಒಂದೇ ಖರ್ಚಿನಲ್ಲಿ ಎರಡು ಕೆಲಸ ಎಂಬ ಆಸೆ ಬೋರ್ಡೋ ಹತ್ತಿರ ನಡೆಯುವುದಿಲ್ಲ.

ಪೀಚ್, ಪ್ಲಮ್‌ನಂಥ ಗಿಡಗಳಿಗೆ ಎಲೆ ಇರುವಾಗ ತಾಮ್ರವೇ ಆಗಿಬರುವುದಿಲ್ಲ. ಹೊಸ ಬೆಳೆಗೆ ಮೊದಲ ಸಲ ಹೊಡೆಯುವಾಗ ಎರಡು ಗಿಡಕ್ಕೆ ಹೊಡೆದು ಒಂದು ವಾರ ಕಾಯುವುದು ಒಳ್ಳೆಯದು. ಸುಟ್ಟ ಎಲೆಗೆ ಔಷಧಿ ಇಲ್ಲ. ಹೊಸ ಚಿಗುರು ಬರುವವರೆಗೆ ತಾಮ್ರ ನಿಲ್ಲಿಸಿ.

ಮಳೆಗೆ ತೊಳೆದುಹೋಯಿತು

ಎಲೆಯ ಮೇಲೆ ನೀಲಿ-ಬಿಳಿ ಕಲೆ ಉಳಿದಿದೆಯಾ ನೋಡಿ. ಈ ಕಲೆಯಿಂದಲೇ ಬೋರ್ಡೋ ಹುಟ್ಟಿದ್ದು ಎನ್ನಬಹುದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕದಿಯದಿರಲಿ ಎಂದು ದಾರಿ ಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ವಿಷ ಬಳಿದಿದ್ದಾರೆ ಎಂದು ಜನ ಹೆದರಲಿ ಎಂಬ ಉಪಾಯ. ಆ ಬಳ್ಳಿಗಳಿಗೆ ಬೂಜು ರೋಗ ಬಂದಿಲ್ಲ ಎಂಬುದನ್ನು ಪ್ರೊಫೆಸರ್ ಮಿಯಾರ್ಡೆ ಗಮನಿಸಿದರು. 1885ರಲ್ಲಿ ಅದನ್ನು ಪ್ರಕಟಿಸಿದರು.

ಕಲೆ ಉಳಿದಿದ್ದರೆ ಮಳೆ ಬಂದರೂ ಗಾಬರಿ ಬೇಡ. ಎಲೆಯ ಮೇಲೆ ಪೂರ್ತಿ ಒಣಗಿದ ಬೋರ್ಡೋ ಸುಲಭಕ್ಕೆ ಬಿಡುವುದಿಲ್ಲ. ಒಣಗುವ ಮುಂಚೆ ಮಳೆ ಹೊಡೆದಿದ್ದರೆ ಮತ್ತೆ ಹೊಡೆಯಬೇಕಾಗುತ್ತದೆ. ಒಣಗಿದ್ದೂ ತೊಳೆದುಹೋಗಿದ್ದರೆ ಕಣ ದಪ್ಪಗಿತ್ತು ಅಥವಾ ದ್ರಾವಣ ಹಳತಾಗಿತ್ತು. ರಾಳದ ಅಂಟು ಬಳಸುವ ಪದ್ಧತಿ ಇದೆ, ಮೇಣದಂಥ ನುಣುಪು ಕಾಯಿಗೆ ಅದು ನಿಜಕ್ಕೂ ಸಹಾಯ ಮಾಡುತ್ತದೆ. ಕೆಟ್ಟ ದ್ರಾವಣವನ್ನು ಅಂಟು ಒಳ್ಳೆಯದು ಮಾಡುವುದಿಲ್ಲ.

ಹೊಡೆದರೂ ರೋಗ ನಿಲ್ಲುತ್ತಿಲ್ಲ

ತಾಮ್ರ ಎಲೆಯ ಹೊರಗೆ ಕಾವಲು ಕೂರುತ್ತದೆ. ಒಳಗೆ ಹೊಕ್ಕ ರೋಗವನ್ನು ಅದು ಹೊರಗೆ ಹಾಕುವುದಿಲ್ಲ. ರೋಗ ಕಂಡ ಮೇಲೆ ಹೊಡೆದರೆ ಆಗಲೇ ತಗುಲಿದ ಎಲೆ, ಕಾಯಿ ಹೋದಂತೆಯೇ. ಇನ್ನೂ ತಗುಲದ್ದು ಉಳಿಯಬಹುದು. ಹಾಗಾಗಿ ತಪ್ಪು ಬಹಳ ಸಲ ದ್ರಾವಣದ್ದಲ್ಲ, ತಾರೀಖಿನದ್ದು.

ಎರಡನೆಯದಾಗಿ ಎಲೆ ತಿರುಗಿಸಿ ನೋಡಿ. ಅಡಿಭಾಗದಲ್ಲಿ ಕಲೆ ಇಲ್ಲದಿದ್ದರೆ ಅಲ್ಲಿ ಕಾವಲೂ ಇಲ್ಲ. ಬೂಜು ರೋಗ ಒಳಹೊಗುವುದು ಹೆಚ್ಚಾಗಿ ಆ ಕಡೆಯಿಂದಲೇ. ಹೊಡೆದ ಮೇಲೆ ಬಿಟ್ಟ ಹೊಸ ಚಿಗುರಿಗೂ ರಕ್ಷಣೆ ಇರುವುದಿಲ್ಲ.

ಮೂರನೆಯದಾಗಿ ಅದು ನಿಜಕ್ಕೂ ತಾಮ್ರಕ್ಕೆ ಬಗ್ಗುವ ರೋಗವಾ? ಅಂಗಮಾರಿ, ಬೂಜು ರೋಗ, ಕೊಳೆರೋಗ, ಹಲವು ಎಲೆಚುಕ್ಕೆ ರೋಗಗಳಿಗೆ ಬೋರ್ಡೋ ಒಳ್ಳೆಯದು. ಬೂದಿ ರೋಗಕ್ಕೆ ಗಂಧಕವೇ ಮೇಲು. ಪೋಷಕಾಂಶದ ಕೊರತೆಗೆ, ನುಸಿಗೆ, ವೈರಸ್‌ಗೆ ಇದು ಏನೂ ಮಾಡುವುದಿಲ್ಲ. ಬ್ಯಾಕ್ಟೀರಿಯಾ ರೋಗಗಳಲ್ಲಿ ತಾಮ್ರಕ್ಕೆ ಜಗ್ಗದ ತಳಿಗಳೂ ಹುಟ್ಟಿಕೊಂಡಿವೆ, ಟೊಮೆಟೊ ಎಲೆಚುಕ್ಕೆಯಲ್ಲಿ ಇದು ಚೆನ್ನಾಗಿ ಗೊತ್ತಿರುವ ವಿಷಯ. ದ್ರಾವಣ ಸರಿ, ಸಮಯ ಸರಿ, ಎಲೆಯ ಎರಡೂ ಕಡೆ ಕಲೆ ಇದೆ, ಆದರೂ ಹರಡುತ್ತಿದೆ ಎಂದರೆ ಅಲ್ಲಿಗೆ ನಿಲ್ಲಿಸಿ. ರೋಗ ತಗುಲಿದ ಎಲೆ ತೆಗೆದುಕೊಂಡು ಸಸ್ಯರೋಗ ತಜ್ಞರ ಹತ್ತಿರ ಹೋಗಿ.

ಕಣ್ಣುರಿ, ವಾಂತಿ, ಕೆಮ್ಮು

ಇಲ್ಲಿ ಯಾವುದನ್ನು ಮೊದಲು ನೋಡುವುದು ಎಂಬ ಕ್ರಮವಿಲ್ಲ. ಕಂಡ ಕೂಡಲೇ ಕೆಲಸ ನಿಲ್ಲಿಸಬೇಕು.

ಕಣ್ಣಿಗೆ ಸಿಡಿದರೆ ರೆಪ್ಪೆ ಬಿಡಿಸಿ ಹಿಡಿದು ಶುದ್ಧ ನೀರನ್ನು ಕನಿಷ್ಠ 15ರಿಂದ 20 ನಿಮಿಷ ಹರಿಸಿ. ಸುಣ್ಣದ ಚೂರು ರೆಪ್ಪೆಯ ಒಳಗೆ ಸಿಕ್ಕಿಕೊಂಡು ಸುಡುತ್ತಲೇ ಇರುತ್ತದೆ, ಹಾಗಾಗಿ ಉರಿ ಕಡಿಮೆಯಾಯಿತೆಂದು ನಿಲ್ಲಿಸಬೇಡಿ. ಉಜ್ಜಬೇಡಿ. ಆಮೇಲೆ ನೇರ ಆಸ್ಪತ್ರೆಗೆ. ಚರ್ಮಕ್ಕೆ ಬಿದ್ದರೆ ಬಟ್ಟೆ ಕಳಚಿ ಧಾರಾಳ ನೀರಲ್ಲಿ ತೊಳೆಯಿರಿ.

ಹೊಟ್ಟೆಗೆ ಹೋದರೆ ಬಾಯಲ್ಲಿ ಲೋಹದ ರುಚಿ, ಹೊಟ್ಟೆಯಲ್ಲಿ ಉರಿ, ನೀಲಿ-ಹಸಿರು ವಾಂತಿ, ಭೇದಿ. ವಾಂತಿ ನಿಂತ ಮೇಲೆ ಸರಿಹೋಯಿತು ಎಂದು ಮನೆಯಲ್ಲಿ ಕೂರುವುದು ದೊಡ್ಡ ಅಪಾಯ. ತಾಮ್ರ ರಕ್ತಕ್ಕೆ ಸೇರಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಲಿವರ್ ಮತ್ತು ಕಿಡ್ನಿಗೆ ಪೆಟ್ಟು ಕೊಡುತ್ತದೆ. ಕಪ್ಪು ಮೂತ್ರ, ಹಳದಿ ಕಣ್ಣು, ಮೂತ್ರ ಕಡಿಮೆಯಾಗುವುದು ಆಮೇಲೆ ಕಾಣುವ ಲಕ್ಷಣಗಳು. ಅಲ್ಲಿಯವರೆಗೆ ಕಾಯಬಾರದು. ಒತ್ತಾಯದಿಂದ ವಾಂತಿ ಮಾಡಿಸಬೇಡಿ, ಒಳಗಿಳಿಯುವಾಗ ಸುಟ್ಟಿದ್ದು ಮೇಲೆ ಬರುವಾಗಲೂ ಸುಡುತ್ತದೆ. ಉಪ್ಪುನೀರು ಕುಡಿಸಬೇಡಿ. ಔಷಧಿಯ ಪೊಟ್ಟಣವನ್ನು ಜೊತೆಗೆ ಒಯ್ಯಿರಿ, ವೈದ್ಯರಿಗೆ ಅದು ಬೇಕು. ಹರಳು ನೋಡಲು ಚೆಂದ, ಅದಕ್ಕೇ ಮಕ್ಕಳ ಕೈಗೆ ಸಿಗಬಾರದು. ನೀರಿನ ಬಾಟಲಿಯಲ್ಲಂತೂ ಎಂದೂ ತುಂಬಿಡಬೇಡಿ.

ವರ್ಷಗಟ್ಟಲೆ ಹೊಡೆದವರಲ್ಲಿ ಬಿಡದ ಕೆಮ್ಮು, ಏದುಸಿರು ಬಂದರೆ ವೈದ್ಯರಿಗೆ ಈ ಕೆಲಸದ ವಿಷಯ ಹೇಳಲೇಬೇಕು. ಪೋರ್ಚುಗಲ್‌ನ ದ್ರಾಕ್ಷಿ ತೋಟದಲ್ಲಿ ಬೋರ್ಡೋ ಹೊಡೆಯುತ್ತಿದ್ದ ಕಾರ್ಮಿಕರ ಶ್ವಾಸಕೋಶದಲ್ಲಿ ತಾಮ್ರ ಕೂತು ಕಾಯಿಲೆಯಾಗಿದ್ದನ್ನು 1969ರಲ್ಲೇ ವರದಿ ಮಾಡಲಾಗಿತ್ತು. ಮಾಸ್ಕ್ ಹಾಕಿ, ಗಾಳಿಗೆ ಬೆನ್ನು ಕೊಟ್ಟು ಹೊಡೆಯಿರಿ.

ಪಂಪು ತಿಂದುಹೋಗುತ್ತಿದೆ, ಮೀನು ಸಾಯುತ್ತಿದೆ, ಕುರಿ ಬಿದ್ದಿದೆ

ಪಂಪಿನ ಕಬ್ಬಿಣದ ಭಾಗದ ಮೇಲೆ ಕೆಂಪು ಪೊರೆ ಕಂಡರೆ ಮೊಳೆಗೆ ಆಗಿದ್ದೇ ಅದಕ್ಕೂ ಆಗಿದೆ. ಸತುವಿನ ಲೇಪದ ಡ್ರಮ್, ಅಲ್ಯೂಮಿನಿಯಂ ಪಾತ್ರೆ ಕೂಡ ಬೇಡ. ಪ್ಲಾಸ್ಟಿಕ್, ಮಣ್ಣು, ಮರ, ತಾಮ್ರ ಸರಿ. ಕೆಲಸ ಮುಗಿದ ಮೇಲೆ ಪಂಪಿನಲ್ಲಿ ಶುದ್ಧ ನೀರು ಓಡಿಸಿ.

ಆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಮುಖ್ಯ. ಕೆರೆ, ತೊರೆ, ಬಾವಿಯ ದಂಡೆಯಲ್ಲಿ ಡ್ರಮ್ ತೊಳೆಯಬಾರದು. ಕರಗಿದ ತಾಮ್ರ ಮೀನಿನ ಕಿವಿರು ಕೆಡಿಸುತ್ತದೆ, ಬಹಳ ಕಡಿಮೆ ಪ್ರಮಾಣವೂ ಸಾಕು. ಉಳಿದ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ಬೆರೆಸಿ, ಮೊಳೆ ಪರೀಕ್ಷೆ ಮಾಡಿ, ಅದೇ ಬೆಳೆಯ ಮೇಲೆ ತೆಳುವಾಗಿ ಹೊಡೆದು ಮುಗಿಸಿ.

ಸಾಕುಪ್ರಾಣಿಗಳಲ್ಲಿ ಕುರಿಗೆ ತಾಮ್ರ ತಡೆದುಕೊಳ್ಳುವ ಶಕ್ತಿ ತೀರಾ ಕಡಿಮೆ. ಔಷಧಿ ಬಿದ್ದ ಹುಲ್ಲು ಮೇಯುತ್ತಿದ್ದರೆ ತಾಮ್ರ ಲಿವರ್‌ನಲ್ಲಿ ಸದ್ದಿಲ್ಲದೆ ಕೂಡುತ್ತಾ ಹೋಗುತ್ತದೆ, ಒಂದು ದಿನ ಇದ್ದಕ್ಕಿದ್ದಂತೆ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಹಳದಿ ಕಣ್ಣು, ಗಾಢ ಕಂದು ಮೂತ್ರ ಕಂಡರೆ ಆ ಕ್ಷಣವೇ ಪಶುವೈದ್ಯರನ್ನು ಕರೆಸಿ, ಉಳಿದ ಹಿಂಡನ್ನು ಆ ಜಾಗದಿಂದ ಹೊರಗೆ ಅಟ್ಟಿ.

ಎಲ್ಲ ಸರಿಯಿದ್ದೂ ಗಿಡ ಸೊರಗುತ್ತಿದೆ

ಹಲವು ವರ್ಷ ತಾಮ್ರ ಹೊಡೆದ ಜಾಗದಲ್ಲಿ ಎಳೆ ಎಲೆ ನರಗಳ ನಡುವೆ ಹಳದಿಯಾಗುವುದು, ಬೇರು ಮೋಟಾಗುವುದು, ಎರೆಹುಳು ಕಾಣದಾಗುವುದು ಇದ್ದರೆ ಮಣ್ಣನ್ನು ಅನುಮಾನಿಸಿ. ತಾಮ್ರ ಕೊಳೆಯುವುದಿಲ್ಲ, ಬಿದ್ದದ್ದು ಅಲ್ಲೇ ಇರುತ್ತದೆ. ನೂರಕ್ಕೆ ಒಂದರ ದ್ರಾವಣವನ್ನು ಹೆಕ್ಟೇರಿಗೆ 1,000 ಲೀಟರ್ ಹೊಡೆದರೆ ಒಂದು ಸಲಕ್ಕೇ ಸುಮಾರು ಎರಡೂವರೆ ಕೆಜಿ ತಾಮ್ರ. ಯುರೋಪಿಯನ್ ಒಕ್ಕೂಟ ಹಾಕಿರುವ ಮಿತಿ ಹೆಕ್ಟೇರಿಗೆ 7 ವರ್ಷದಲ್ಲಿ 28 ಕೆಜಿ, ಅಂದರೆ ವರ್ಷಕ್ಕೆ ಸರಾಸರಿ 4 ಕೆಜಿ. ಎರಡು ಸುತ್ತಿಗೇ ಆ ಸರಾಸರಿ ದಾಟುತ್ತದೆ.

ಇದನ್ನು ಕಣ್ಣಳತೆಯಲ್ಲಿ ತೀರ್ಮಾನಿಸಲು ಆಗುವುದಿಲ್ಲ. ಮೇಲ್ಮಣ್ಣಿನ ಮಾದರಿ ಕಳಿಸಿ ತಾಮ್ರ ಮತ್ತು ಪಿಎಚ್ (ಮಣ್ಣು ಎಷ್ಟು ಹುಳಿ ಎಂಬ ಅಳತೆ) ಎರಡನ್ನೂ ನೋಡಿಸಿ. ಹುಳಿ ಮಣ್ಣಿನಲ್ಲಿ ತಾಮ್ರದ ಕಾಟ ಜಾಸ್ತಿ. ಅಂಥ ಮಣ್ಣಿಗೆ ಸುಣ್ಣ, ಸಾವಯವ ಗೊಬ್ಬರ ಕೊಟ್ಟರೆ ಬೇರಿಗೆ ಸಿಗುವ ತಾಮ್ರ ಕಡಿಮೆಯಾಗುತ್ತದೆ, ಮಣ್ಣಿನಿಂದ ತಾಮ್ರ ಹೋಗುವುದಿಲ್ಲ. ವರದಿಯಲ್ಲಿ ಅಂಕಿ ಮೇಲಿದ್ದರೆ ಸುತ್ತು ಕಡಿಮೆ ಮಾಡುವುದು, ತೆಳು ದ್ರಾವಣಕ್ಕೆ ಇಳಿಯುವುದು, ತಾಮ್ರವಿಲ್ಲದ ಔಷಧಿಗೆ ಹೋಗುವುದು, ಇವುಗಳಲ್ಲಿ ಯಾವುದು ನಿಮ್ಮ ಬೆಳೆಗೆ ಆಗುತ್ತದೆ ಎಂದು ಆ ವರದಿ ಇಟ್ಟುಕೊಂಡೇ ಕೃಷಿ ತಜ್ಞರನ್ನು ಕೇಳಿ.